ಕರೆದರೆ ಬಾರದ ಕುರಿಗಳ ಊರು

ಸುಳಕೂಡ

ನಾನು ಆಸ್ಟ್ರೇಲಿಯಾಕ್ಕೆ ಹೋದದ್ದು ದೇಶ ನೋಡಲು ಅಲ್ಲ, ಮಗಳನ್ನು ಕರೆದುಕೊಂಡು ಬರಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರ, ಸೇತುವೆ, ಜಿಗಿಯುವ ಪ್ರಾಣಿ ಇವುಗಳ ಸುದ್ದಿ ಬೇಕಾದವರು ಬೇರೆ ಯಾರನ್ನಾದರೂ ಕೇಳಿ.

ಮಗಳ ಹೆಸರು ಸುವರ್ಣಾ. ನಲವತ್ತನಾಲ್ಕು ವಯಸ್ಸು. ಅಲ್ಲಿಯ ಒಂದು ಸಣ್ಣ ಒಕ್ಕಲುತನದ ಊರಿನಲ್ಲಿ, ಮುದುಕರನ್ನು ಇಟ್ಟು ನೋಡಿಕೊಳ್ಳುವ ಮನೆಯಲ್ಲಿ ನರ್ಸ್ ಆಗಿದ್ದಾಳೆ. ಒಬ್ಬಳೇ ಇರುತ್ತಾಳೆ. ಒಂದು ದಿನ ಫೋನಿನಲ್ಲಿ ಹೇಳಿದಳು, "ಅವ್ವಾ, ನಾ ಈ ದೇಶದಾಕಿ ಆಗಾಕತ್ತೇನಿ. ಊರ ಟೌನ್ ಹಾಲ್‌ನಾಗ ಪ್ರಮಾಣ ಮಾಡೂದೈತಿ. ನೀ ಬಾ. ತಿಕೀಟ ಕಳಸ್ತೇನಿ."

ಪ್ರಮಾಣ ಮಾಡಿದರೆ ನಮ್ಮ ಪಾಸ್‌ಪೋರ್ಟ್ ತಿರುಗಿ ಕೊಡಬೇಕಂತೆ. ಇದನ್ನು ಕೇಳಿದ್ದೇ ದೊಡ್ಡ ಮಗ ಸಿದ್ದಪ್ಪ ಗಡಿಂಗ್ಲಜಕ್ಕೆ ಹೋಗಿ ಒಂದು ದವಾಖಾನೆಯಲ್ಲಿ ತಂಗಿಗೆ ಕೆಲಸ ಮಾತಾಡಿ ಬಂದ. ಮನೆಯ ಮೇಲೆ ಅವಳಿಗೊಂದು ಖೋಲಿ ಕಟ್ಟಿಸುತ್ತೇನೆ ಎಂದ.

"ನೀ ಹೋಗಿ ಕರಕೊಂಡ ಬಾ ಅವ್ವಾ. ನಿನ್ನ ಮಾತ ಮೀರೂದಿಲ್ಲ ಆಕಿ."

ಸೊಸೆ ಒಲೆಯ ಮುಂದಿನಿಂದಲೇ, "ಹಗ್ಗಾ ಒಂದ ತಗೊಂಡ ಹೋಗರಿ ಅತ್ತೀ, ಆಕಿ ಹಂಗ ಬರಾಕಿ ಅಲ್ಲ" ಎಂದಳು. ಸೊಸೆಗೆ ಬುದ್ಧಿ ಇದೆ ಎಂದು ನನಗೆ ಆಗ ಅನಿಸಲಿಲ್ಲ.

ನಮ್ಮದು ಗಡಿಯ ಆಚೆ, ಕಾಗಲದ ಕಡೆಯ ಸುಳಕೂಡ ಎಂಬ ಊರಲ್ಲಿ ಕುರಿ ಸಾಕುವ ಮನೆ. ಕರ್ನಾಟಕದ ಕಡೆಯ ತವರಲ್ಲಿ ನಾನು ಮೂರು ಇಯತ್ತೆ ಕಲಿತೆ, ಮುಂದೆ ಕುರಿಗಳ ಹಿಂದೆ ಹೋದೆ. ಬರೆಯುವುದು ಬೇಗ ಆಗುವುದಿಲ್ಲ. ಅದಕ್ಕೇ ಬೇಡದ್ದನ್ನು ಬಿಟ್ಟು ಬರೆಯುತ್ತೇನೆ.

ವಿಮಾನ ಇಳಿದ ಜಾಗ

ವಿಮಾನದಿಂದ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಬ್ಬ ಪಂಜಾಬಿ ಹುಡುಗಿ ದೂಡಿಕೊಂಡು ಹೋದಳು. ಕಾಲು ನನಗೆ ಗಟ್ಟಿಯಾಗಿಯೇ ಇದೆ, ಆದರೆ ದಾರಿ ಗೊತ್ತಿಲ್ಲದವರಿಗೆ ಕುರ್ಚಿ ಒಳ್ಳೆಯದು ಎಂದು ಮಗಳು ಹೇಳಿದ್ದಳು. ಮುಂದೆ ಒಬ್ಬ ಅಧಿಕಾರಿ ನಿಲ್ಲಿಸಿದ. ಅವನು ಕೇಳಿದ್ದನ್ನು ಹುಡುಗಿ ಹಿಂದಿಯಲ್ಲಿ ಹೇಳಿದಳು: ಈ ತಿಂಗಳಲ್ಲಿ ಕುರಿ, ದನ ಇರುವ ಜಾಗಕ್ಕೆ ಹೋಗಿದ್ದಿರಾ?

"ದಿನಾ" ಎಂದೆ.

ಎಷ್ಟು ಹೊತ್ತು ಎಂದು ಕೇಳಿದ. ಅಲ್ಲೇ ಮಲಗುತ್ತೇನೆ ಎಂದೆ.

ಹುಡುಗಿ ನಗೆ ತಡೆದುಕೊಂಡು ಹೇಳಿದಳು. ಅಧಿಕಾರಿ ನಗಲಿಲ್ಲ. ಕೈಗೆ ರಬ್ಬರಿನ ಚೀಲ ಹಾಕಿಕೊಂಡು ನನ್ನ ಚಪ್ಪಲಿ ಕೇಳಿದ. ಒಳಗೆ ಒಯ್ದು, ಅಟ್ಟೆಯ ಸಂದಿಯಲ್ಲಿದ್ದ ಸುಳಕೂಡದ ಹಿಕ್ಕೆ, ಮಣ್ಣು ಎಲ್ಲ ತಿಕ್ಕಿ ತೊಳೆದು, ಒರೆಸಿ, ಎರಡು ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟ. ಆಮೇಲೆ ನನ್ನ ಕಂಬಳಿಯನ್ನು ಬಿಡಿಸಿ ದೀಪದ ಕೆಳಗೆ ಹಾಸಿ, ಅದರಲ್ಲಿ ಸಿಕ್ಕಿದ್ದ ಮುಳ್ಳುಬೀಜಗಳನ್ನು ಚಿಮ್ಮಟಿಗೆಯಿಂದ ಒಂದೊಂದಾಗಿ ಕಿತ್ತು ಸಣ್ಣ ಚೀಲದಲ್ಲಿ ಹಾಕಿದ. ಹೇನು ನೋಡುವವರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಹೊರಗೆ ಸುವರ್ಣಾ ನಿಂತಿದ್ದಳು. ಏಳು ವರ್ಷದ ಮೇಲೆ ನೋಡುತ್ತಿದ್ದೆ. ಮಗಳು ಸೊರಗಿದ್ದಳು ಎಂದು ಬರೆಯುವುದು ವಾಡಿಕೆ. ಸೊರಗಿರಲಿಲ್ಲ, ದಪ್ಪಗಾಗಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು.

"ಯಾಕವ್ವಾ ಇಷ್ಟ ತಡಾ?"

"ಒಬ್ಬಾಂವ ನನ್ನ ಚಪ್ಪಲಿ ತೊಳ್ಯಾಕತ್ತಿದ್ದ. ಅಂಥಾಂವ ಅಳಿಯಾ ಸಿಕ್ಕಿದ್ರ ಭೇಷ ಆಗ್ತಿತ್ತ."

ಅವಳು ನಗಲಿಲ್ಲ. ಬಾಯಿ ತಪ್ಪಿ ಆಡಿದ ಮಾತು. ಇಚಲಕರಂಜಿಯ ಅಳಿಯನ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮಗ್ಗಗಳಿದ್ದ ಮನೆ, ಉಣ್ಣಲು ಉಡಲು ಕಡಿಮೆ ಇರಲಿಲ್ಲ, ಅವನ ಕೈ ಮಾತ್ರ ಸುಮ್ಮನೆ ಇರುತ್ತಿರಲಿಲ್ಲ. ಅವಳು ಎರಡು ಸಲ ಸುಳಕೂಡಕ್ಕೆ ಬಂದಳು, ಎರಡು ಸಲ ತಿರುಗಿ ಹೋದಳು. ಮೂರನೆಯ ಸಲ ಮನೆಗೆ ಬರಲಿಲ್ಲ, ನೇರ ಕೊಲ್ಲಾಪುರಕ್ಕೆ ಹೋಗಿ ನರ್ಸ್ ಕಲಿಯಲು ಸೇರಿದಳು. ಅಲ್ಲಿಂದ ಮುಂಬೈ, ಮುಂಬೈಯಿಂದ ಅರಬರ ದೇಶ, ಅಲ್ಲಿಂದ ಇಲ್ಲಿ.

ಕಾರಿನಲ್ಲಿ ಏಳು ತಾಸು ಹೋದೆವು. ನಡುವೆ ಎಲ್ಲಿಯೂ ಹೊಲದಲ್ಲಿ ಒಬ್ಬ ಮನುಷ್ಯ ನಿಂತದ್ದು ಕಾಣಲಿಲ್ಲ.

ಊರು

ಊರಿನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಒಂದು ಬೀದಿ. ಬೀದಿಯ ತುದಿಗೆ ಗೋದಿ ತುಂಬುವ ಸಿಮೆಂಟಿನ ಕೊಳವೆಗಳು, ನಮ್ಮ ಕಡೆಯ ಯಾವ ಗುಡಿಯ ಶಿಖರಕ್ಕಿಂತಲೂ ಎತ್ತರ. ಒಂದು ಅಂಗಡಿ, ಒಂದು ಶಾಲೆ, ಒಂದು ಸಾರಾಯಿ ಅಂಗಡಿ, ಬಾಗಿಲು ಹಾಕಿದ ಬ್ಯಾಂಕು. ಬೀದಿ ನಮ್ಮ ಕಾಗಲದ ಹೆದ್ದಾರಿಯಷ್ಟು ಅಗಲ. ಅಷ್ಟು ಅಗಲದ ಬೀದಿಯಲ್ಲಿ ಮಧ್ಯಾಹ್ನ ಒಂದು ನಾಯಿಯೂ ಇರುವುದಿಲ್ಲ. ನಾಯಿಗಳೆಲ್ಲ ಗಾಡಿಯ ಹಿಂದೆ ಕೂತು ತಿರುಗುತ್ತವೆ.

ಸುವರ್ಣಾ ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆಯೇ ಬರುವುದು. ನಾನು ರೊಟ್ಟಿ ಬಡಿದಿಟ್ಟು ಹೊರಗೆ ನಡೆಯುತ್ತಿದ್ದೆ. ಅಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ಹಾದುಹೋಗುವ ಪ್ರತಿ ಗಾಡಿ ನಿಂತು ಏನೋ ಕೇಳುತ್ತಿತ್ತು. ಹತ್ತಿ, ಬಿಡುತ್ತೇವೆ ಎನ್ನುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಎಲ್ಲಿಗೂ ಹೋಗದವಳನ್ನು ಎಲ್ಲಿಗೆ ಬಿಡುತ್ತಾರೆ? ನಾನು ಕೈ ಬೀಸಿ ಕಳಿಸುತ್ತಿದ್ದೆ. ಅವರ ಶರಣು ಮಾಡುವ ರೀತಿ ಬೇರೆ: ಗಾಡಿಯ ಚಕ್ರ ಹಿಡಿದ ಕೈಯಿಂದ ಒಂದು ಬೆರಳು ಮಾತ್ರ ಎತ್ತುತ್ತಾರೆ. ಒಂದೇ ಬೆರಳು. ಮೊದಲು ನನಗೆ ಸಿಟ್ಟು ಬಂದಿತ್ತು.

ಎಂಟು ದಿನಕ್ಕೆ ನನ್ನ ದನಿ ಒಡೆಯತೊಡಗಿತು. ಇಡೀ ದಿನ ಮಾತಿಲ್ಲದಿದ್ದರೆ ಗಂಟಲು ತುಕ್ಕು ಹಿಡಿಯುತ್ತದೆ. ಸುಳಕೂಡದಲ್ಲಿ ಮನುಷ್ಯರು ಇಲ್ಲದಿದ್ದರೆ ಕುರಿಯನ್ನಾದರೂ ಬೈಯುತ್ತಿದ್ದೆ. ಸಂಜೆ ಮಗಳು ಬಂದರೆ ಅವಳಿಗೂ ಮಾತು ಮುಗಿದಿರುತ್ತಿತ್ತು. ಇಡೀ ದಿನ ಕಿವುಡ ಮುದುಕರೊಂದಿಗೆ ಕೂಗಿ ಕೂಗಿ ಬಂದು, "ಉಂಡ್ಯಾ ಅವ್ವಾ?" ಎಂದು ಕೇಳಿ, ಕಾಲು ಚಾಚಿ ಕೂರುತ್ತಿದ್ದಳು. ಕರೆದುಕೊಂಡು ಹೋಗುವ ಮಾತು ನಾಳೆ ಆಡೋಣ ಎಂದು ನಾನೂ ಸುಮ್ಮನಿರುತ್ತಿದ್ದೆ. ಪ್ರಮಾಣಕ್ಕೆ ಇನ್ನೂ ಮೂರು ವಾರ ಇತ್ತು.

ಡಾಟ್

ಮಗಳ ಹಿತ್ತಲ ಬೇಲಿಯ ಆಚೆ ಡಾಟ್ ಎಂಬ ಹೆಂಗಸಿನ ಕುರಿಗಳಿದ್ದವು. ಡಾಟ್‌ಳಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚೇ ಇರಬೇಕು. ಚಡ್ಡಿ ಹಾಕಿಕೊಂಡು ತಾನೇ ಗಾಡಿ ಹೊಡೆಯುತ್ತಾಳೆ. ಅವಳ ಗಂಡ ನನ್ನ ಮಗಳ ಮುದುಕರ ಮನೆಯಲ್ಲೇ ಇದ್ದಾನೆ. ಅವನಿಗೆ ಈಗ ಹೆಂಡತಿಯ ಗುರುತು ಸಿಗುವುದಿಲ್ಲ. ಅವನಿಗೆ ದಿನವೂ ಮೈ ತೊಳೆದು ಅಂಗಿ ಹಾಕುವವಳು ಸುವರ್ಣಾ.

ಡಾಟ್ ಬೇಲಿಯ ಆ ಕಡೆ, ನಾನು ಈ ಕಡೆ. ಅವಳು ಅವಳ ಭಾಷೆಯಲ್ಲಿ ಹೇಳುತ್ತಿದ್ದಳು, ನಾನು ನನ್ನದರಲ್ಲಿ. ಇಬ್ಬರೂ ಬಿಸಿಲಿನ ಬಗ್ಗೆಯೇ ಆಡುತ್ತಿದ್ದೆವು ಎಂದು ನನ್ನ ಅಂದಾಜು. ತತ್ತಿ ಕೊಡುತ್ತಿದ್ದಳು. ನಾನು ಶೇಂಗಾ ಚಟ್ನಿ ಕೊಟ್ಟೆ. ಮರುದಿನ ಅವಳು ನಾಲಿಗೆ ಹೊರಗೆ ಹಾಕಿ ತೋರಿಸಿದಳು.

ಅವಳು ಹೋದ ಮೇಲೆ ನಾನು ಕುರಿಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಕೌದಿ ಹೊದ್ದಂಥ ಕುರಿಗಳು, ಕುತ್ತಿಗೆಯಲ್ಲಿ ನೆರಿಗೆ ನೆರಿಗೆ. ನಮ್ಮ ಕುರಿ ನಡೆಯುತ್ತದೆ, ಅವು ನಿಂತಿರುತ್ತವೆ. ಬೇರೆ ಕೆಲಸ ಇಲ್ಲದ್ದರಿಂದ ಒಂದೊಂದರ ಮುಖವೂ ಗುರುತಾಯಿತು. ಒಂದಕ್ಕೆ ಎಡಗಿವಿ ಸೀಳಿತ್ತು, ಒಂದು ನಮ್ಮ ಸಿದ್ದಪ್ಪನ ಹಾಗೆ ಬಾಯಿ ಓರೆ ಮಾಡಿ ಮೆಲ್ಲುತ್ತಿತ್ತು.

ಬೇಲಿಯ ಬಾಗಿಲು

ನಾಲ್ಕನೆಯ ವಾರದ ಬುಧವಾರ ನಾನು ತಪ್ಪು ಮಾಡಿದೆ. ಪ್ರಮಾಣ ಅದರ ಮರುವಾರದ ಶುಕ್ರವಾರ.

ಡಾಟ್‌ಳ ಹೊಲದಲ್ಲಿ ಹುಲ್ಲು ಇರಲಿಲ್ಲ, ಬರೀ ಧೂಳು. ಪಕ್ಕದಲ್ಲೇ ಕೆವಿನ್ ಎಂಬವನ ಗೋದಿ ಹೊಲ, ಸುಗ್ಗಿ ಮುಗಿದು ಕೂಳೆ ನಿಂತಿತ್ತು. ದೂರದಲ್ಲಿ ಅವನ ಕುರಿಗಳು ಮೇಯುತ್ತಿದ್ದವು. ನಮ್ಮಲ್ಲಿ ಸುಗ್ಗಿ ಆದ ಮೇಲೆ ಯಾರ ಹೊಲ ಎಂದು ಯಾರೂ ಕೇಳುವುದಿಲ್ಲ. ಒಕ್ಕಲಿಗರು ತಾವೇ ಬಂದು, "ನಮ್ಮ ಹೊಲದಾಗ ಕುರಿ ತರುಬರಿ" ಎಂದು ಕರೆಯುತ್ತಾರೆ, ರಾತ್ರಿ ಅಲ್ಲೇ ನಿಂತು ಹಿಕ್ಕೆ ಹಾಕಲಿ ಎಂದು ಕಾಳು ಕೊಡುತ್ತಾರೆ. ಡಾಟ್ ಗಂಡನನ್ನು ನೋಡಲು ಹೋಗಿದ್ದಾಳೆ, ಕುರಿ ಹಸಿದಿವೆ. ನಾನು ನಡುವಿನ ಬಾಗಿಲು ತೆಗೆದೆ.

ಕುರಿಗಳು ನೀರು ಹರಿದಂತೆ ಹೋದವು. ಹೋದದ್ದು ಕೂಳೆಗಲ್ಲ, ನೇರ ಕೆವಿನ್‌ನ ಕುರಿಗಳ ನಡುವೆ.

ಆದರೂ ನಾನು ಗಾಬರಿಯಾಗಲಿಲ್ಲ. ಬಾವಿಯ ಹತ್ತಿರ ಎರಡು ಹಿಂಡು ಕೂಡಿದರೆ ನಮ್ಮಲ್ಲಿ ಒಬ್ಬ ಈ ಕಡೆ, ಒಬ್ಬ ಆ ಕಡೆ ಕೂಗುತ್ತ ನಡೆಯುತ್ತಾರೆ. ಪ್ರತಿ ಕುರಿಯೂ ತನ್ನವನ ಕೂಗಿನ ಹಿಂದೆ ಹೋಗುತ್ತದೆ. ತಂಬಾಕು ತಿಕ್ಕಿ ಬಾಯಿಗೆ ಹಾಕುವಷ್ಟು ಹೊತ್ತಿನ ಕೆಲಸ.

ಡಾಟ್ ಬಂದಳು, ಕೆವಿನ್ ಬಂದ. ಮಗಳನ್ನು ಫೋನ್ ಮಾಡಿ ಕರೆಸಿದರು. ಅವಳು ನರ್ಸಿನ ಬಟ್ಟೆಯಲ್ಲೇ ಓಡಿಬಂದಳು.

"ಅವ್ವಾ, ಏನ ಮಾಡಿದಿ? ಇಲ್ಲಿ ಬಾಗಲಾ ಹೆಂಗ ಇರತೈತಿ ಹಂಗ ಬಿಡಬೇಕ. ಸಣ್ಣ ಹುಡುಗ್ರಿಗೂ ಗೊತ್ತಿರತೈತಿ."

"ನನಗ ಯಾರ ಹೇಳಿದ್ರ? ಇರಲಿ. ಡಾಟ್‌ಗ ಹೇಳ, ಆ ಕಡೆ ನಿಂತ ಕರೀಲಿ. ಅಂವಗ ಹೇಳ, ಈ ಕಡೆ ಕರೀಲಿ. ಆತು."

ಮಗಳು ಹೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೆವಿನ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಏನಂತಾನ?"

"ಕರದ್ರ ಬರ್ತಾವೇನ ಅಂತ ಕೇಳಾಕತ್ತಾನ. ಇಲ್ಲಿ ಕುರಿಗೆ ಯಾರೂ ಕರಿಯೂದಿಲ್ಲವ್ವಾ. ನಾಯಿ ಬಿಟ್ಟ ಓಡಸ್ತಾರ."

ನಾನು ನಂಬಲಿಲ್ಲ. ನಾನೇ ಕರೆದೆ. ಒಡೆದ ಗಂಟಲಿನಿಂದ ಎಷ್ಟು ಬಂತೋ ಅಷ್ಟು. ಹತ್ತಿರದ ಕುರಿಗಳು ಹೆದರಿ ಇನ್ನೂ ದೂರ ಓಡಿದವು. ಆಗ ಸುವರ್ಣಾ, ಏನನಿಸಿತೋ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಟುರ್ರ್ರ್… ಹೋಯ್" ಎಂದು ಉದ್ದಕ್ಕೆ ಕೂಗಿದಳು. ಅದು ಅವಳ ಅಪ್ಪನ ಕೂಗು. ಅವನು ಸತ್ತು ಆರು ವರ್ಷ. ಮಕ್ಕಳಲ್ಲಿ ಯಾರಿಗೂ ಅದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರಿ ಒಂದೂ ತಲೆ ಎತ್ತಲಿಲ್ಲ. ನನ್ನ ಕಾಲು ಮಾತ್ರ ಅವಳ ಕಡೆ ಎರಡು ಹೆಜ್ಜೆ ತಾನಾಗಿ ಹೋಯಿತು.

"ಜಾಉ ದೇ, ಹೋಗ್ಲಿ ಬಿಡ ಅವ್ವಾ" ಎಂದಳು ಮಗಳು. "ನಾಳೆ ಮಂದಿ ಬರತಾರ."

ಬೇರ್ಪಡಿಸಿದ್ದು

ಬಂದರು. ಹೊತ್ತು ಮೂಡುವುದರೊಳಗೆ ಏಳೆಂಟು ಗಾಡಿ, ಅಷ್ಟೇ ನಾಯಿಗಳು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಸುಳಕೂಡದಲ್ಲಾದರೆ ಮೂರು ತಲೆಮಾರು ತೆಗೆಯುತ್ತಿದ್ದರು. ಇವರು ಒಂದೊಂದು ಬೆರಳು ಎತ್ತಿ ಕೆಲಸಕ್ಕೆ ಹತ್ತಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಒಂದು ಕುರಿ ಮಾತ್ರ ಹಿಡಿಸುವ ಕಬ್ಬಿಣದ ಓಣಿ, ಅದರ ತುದಿಗೆ ಎರಡೂ ಕಡೆ ಹೊರಳುವ ಬಾಗಿಲು. ಕೆವಿನ್ ಅಲ್ಲಿ ನಿಂತು ಕಿವಿಯ ಬಿಲ್ಲೆ ನೋಡಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಬಿಡುತ್ತಿದ್ದ. ಬಿಲ್ಲೆ ಬಿದ್ದುಹೋದವು ಬಂದಾಗ ನಿಲ್ಲಿಸಿ ಮೈಮೇಲಿನ ಗುರುತು ಹುಡುಕುತ್ತಿದ್ದ. ಓರೆಬಾಯಿಯದು ಬಂತು.

"ಡಾಟ್" ಎಂದೆ ನಾನು ಬೇಲಿಯ ಮೇಲಿಂದ.

ಅವನು ಉಣ್ಣೆ ಸರಿಸಿ ಗುರುತು ನೋಡಿದ, ನನ್ನನ್ನು ನೋಡಿದ, ಡಾಟ್‌ಳ ಕಡೆ ಬಿಟ್ಟ. ಇನ್ನೊಂದು ಬಂತು. "ಡಾಟ್" ಎಂದೆ. ಅದೂ ಸರಿ. ಆಮೇಲೆ ಬಿಲ್ಲೆ ಇಲ್ಲದ್ದು ಬಂದರೆ ಅವನು ಗುರುತು ಹುಡುಕುವುದು ಬಿಟ್ಟು ನನ್ನ ಕಡೆ ನೋಡುತ್ತಿದ್ದ. ಆ ಊರಿನಲ್ಲಿ ನನಗೆ ಗೊತ್ತಿದ್ದುದನ್ನು ಒಬ್ಬರು ನನ್ನನ್ನು ಕೇಳಿದ್ದು ಅದೊಂದೇ ದಿನ.

ಗದ್ದಲದಲ್ಲಿ ಒಂದು ಕುರಿಯ ಕಾಲು ಮುರಿಯಿತು. ಡಾಟ್ ನೋಡಿ ಚಾಕು ತಂದಳು. ಕೊಯ್ದಳು. ನಾನು ಸೆರಗು ಸಿಕ್ಕಿಸಿ ಹಿಂಗಾಲು ಹಿಡಿದೆ. ಇಬ್ಬರೂ ಕೂತು ತೊಗಲು ಬಿಡಿಸಿದೆವು, ಅವಳು ಎದೆಯಿಂದ, ನಾನು ಕಾಲಿನಿಂದ. ಮಾತು ಬೇಕಾಗಲಿಲ್ಲ. ಎಲ್ಲಿ ಚಾಕು, ಎಲ್ಲಿ ಮುಷ್ಟಿ ಎಂಬುದು ಅಲ್ಲಿಯೂ ಇಲ್ಲಿಯೂ ಒಂದೇ. ಅರ್ಧ ಆಗುವಾಗ ಅವಳು ಗಂಡನ ಹೆಸರು ಹೇಳಿ, ತನ್ನ ಕೈ ತೋರಿಸಿದಳು. ಅವನು ಕಲಿಸಿದ್ದು ಎಂದಿರಬೇಕು. ನಾನೂ ನನ್ನ ಕೈ ತೋರಿಸಿ ನನ್ನ ಗಂಡನ ಹೆಸರು ಹೇಳಿದೆ. ಅವನ ಹೆಸರು ಬಾಯಲ್ಲಿ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಎರಡು ತೊಡೆ ನಮ್ಮ ಮನೆಗೆ ಕೊಟ್ಟಳು. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಕಾಂದಾ-ಲಸೂಣ ಚಟ್ನಿ ಹಾಕಿ ಸಾರು ಮಾಡಿ ಬಂದವರಿಗೆಲ್ಲ ಹಾಕಿದೆ. ಕೆಂಪಗಾದರು, ಮೂಗು ಒರೆಸಿಕೊಂಡರು, ಕೆಲವರು ಮತ್ತೆ ಕೇಳಿದರು.

ಹಿತ್ತಲ ಮೆಟ್ಟಿಲು

ಅಲ್ಲಿ ಸಂಜೆ ಎಂಟಾದರೂ ಬಿಸಿಲು ಇರುತ್ತದೆ. ಮಂದಿ ಹೋದ ಮೇಲೆ ತಾಯಿ ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಆಡಿಬಿಡಬೇಕು ಅನಿಸಿತು.

"ಸುವರ್ಣೀ, ಆ ಪ್ರಮಾಣ ಮಾಡಬ್ಯಾಡ. ನನ್ನ ಸಂಗಟ ಮನಿಗೆ ನಡಿ. ಗಡಿಂಗ್ಲಜದಾಗ ನೌಕ್ರಿ ನೋಡ್ಯಾನ ಸಿದ್ದಪ್ಪ. ಮ್ಯಾಲ ಖೋಲಿ ಕಟ್ಟಸ್ತಾನಂತ."

"ಯಾವಾಗ ಕಟ್ಟಸ್ತಾನ?"

"ನೀ ಬಂದ ಮ್ಯಾಲ."

ನಕ್ಕಳು. "ಹಿಂದ ಬಂದಿದ್ನೆಲ್ಲವ್ವಾ. ಆಗ ನನಗ ಖೋಲಿ ಬೇಕಾಗಿರಲಿಲ್ಲ. ಪಡಸಾಲ್ಯಾಗ ಒಂದ ಚಾಪಿ ಸಾಕಾಗಿತ್ತ."

ನಾನು ಸೀರೆಗೆ ಹತ್ತಿದ್ದ ಉಣ್ಣೆ ಬಿಡಿಸತೊಡಗಿದೆ.

"ಎರಡೂ ಸಲ ಕಾಗಲ ಸ್ಟ್ಯಾಂಡಿಗೆ ಬಂದ ಇಚಲಕರಂಜಿ ಬಸ್ ಹತ್ತಿಸಿದಾಕಿ ನೀನ. ಎರಡನೇ ಸಲ ನನ್ನ ಕೈಗೆ ಪಟ್ಟಿ ಕಟ್ಟಿತ್ತ."

"ಆಗಿನ ಕಾಲ ಹಂಗಿತ್ತ."

"ಕಾಲ ಹತ್ತಿಸಲಿಲ್ಲವ್ವಾ. ನೀ ಹತ್ತಿಸಿದಿ."

ಬೇಲಿಯ ಆಚೆ ಡಾಟ್‌ಳ ಕುರಿಗಳು ತಿರುಗಿ ಧೂಳಿನಲ್ಲಿ ನಿಂತಿದ್ದವು. ಹೌದು, ನಾನೇ ಹತ್ತಿಸಿದ್ದೆ ಎಂದು ಹೇಳಿದೆ. ಅವಳು ಅಳಲಿಲ್ಲ, ನಾನೂ ಅಳಲಿಲ್ಲ.

"ಇಲ್ಲಿ ಯಾರದಾರ ನಿನಗ?" ಎಂದು ಕೇಳಿದೆ.

"ಯಾರೂ ಇಲ್ಲ. ಹೊಳ್ಳಿ ಕಳಸಾವ್ರೂ ಯಾರೂ ಇಲ್ಲ."

ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದಳು.

ಹಾಲ್

ಮರುವಾರದ ಶುಕ್ರವಾರ ಅವಳು ಸೀರೆ ಉಟ್ಟಳು. ನೆರಿಗೆ ಹಿಡಿಯಲು ನನ್ನನ್ನು ಕರೆದಳು, ಹಿಡಿದೆ. ಹಾಲ್‌ನಲ್ಲಿ ಊರೆಲ್ಲ ಕೂಡಿತ್ತು. ಪ್ರಮಾಣ ಮಾಡುವವರು ಮೂವರೇ: ನನ್ನ ಮಗಳು, ಒಬ್ಬ ಕಟುಕ, ಒಬ್ಬ ಡಾಕ್ಟರ್. ಅಧ್ಯಕ್ಷನ ಕೊರಳಲ್ಲಿ ನಮ್ಮ ಬಸವನಿಗೆ ಹಾಕುವಂಥ ಅಗಲವಾದ ಸರ ಇತ್ತು. ಡಾಟ್ ನನ್ನ ಪಕ್ಕ ಕೂತು ಪೆಪ್ಪರಮಿಂಟು ಕೊಟ್ಟಳು.

ಸುವರ್ಣಾ ಕಾಗದ ನೋಡದೆ ಹೇಳಿದಳು. ದನಿ ನಡುಗಲಿಲ್ಲ. ಆಮೇಲೆ ಅವರಿಗೆಲ್ಲ ಒಂದೊಂದು ಸಸಿ ಕೊಟ್ಟರು. ನೋಡಿದರೆ ನೀಲಗಿರಿ. ನಮ್ಮಲ್ಲಿ ನೀರು ಕುಡಿಯುತ್ತದೆ ಎಂದು ಬೈಯುವ ಗಿಡ, ಅಲ್ಲಿ ಕುಂಡದಲ್ಲಿಟ್ಟು ಮಾನದಿಂದ ಕೊಡುತ್ತಾರೆ. ಅವಳು ಕೆಳಗೆ ಬಂದು ಅದನ್ನು ನನ್ನ ಕೈಗೆ ಕೊಟ್ಟು ತಿರುಗಿ ಮೇಲೆ ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಕೈಯಲ್ಲಿ ಸಸಿ ಇತ್ತು.

ಮರುದಿನ ಹಿತ್ತಲಲ್ಲಿ ಗುಂಡಿ ತೋಡಿ ನಾನೇ ಹಚ್ಚಿದೆ. ಮಣ್ಣು ಕಲ್ಲಿನಂತೆ ಗಟ್ಟಿ.

ಬಸ್ಸು

ನಾನು ಊರಿಗೆ ಹೊರಡುವ ಹೊತ್ತಿಗೆ ಸುವರ್ಣಾಳಿಗೆ ರಜೆ ಉಳಿದಿರಲಿಲ್ಲ, ಕಾರಿನಲ್ಲಿ ಬಿಟ್ಟುಬರಲು ಆಗಲಿಲ್ಲ. ನಗರದಲ್ಲಿ ಅವಳ ಕೇರಳದ ಗೆಳತಿ ಇಳಿಸಿಕೊಂಡು ವಿಮಾನಕ್ಕೆ ಹತ್ತಿಸುತ್ತಾಳೆ ಎಂದು ಠರಾಯಿಸಿದ್ದಳು. ಬಸ್ಸು ಬರುವುದು ವಾರಕ್ಕೆ ಎರಡು ಸಲ, ಅಂಗಡಿಯ ಮುಂದೆ ನಿಲ್ಲುತ್ತದೆ. ಕಾಯುತ್ತ ನಿಂತಾಗ ಡಾಟ್‌ಳ ಗಾಡಿ ಹಾದುಹೋಯಿತು. ಒಂದು ಬೆರಳು ಎತ್ತಿದಳು. ನಾನೂ ಒಂದೇ ಎತ್ತಿದೆ.

"ಸಿದ್ದಪ್ಪಗ ಏನ ಹೇಳ್ತಿ?" ಎಂದು ಕೇಳಿದಳು ಮಗಳು.

"ಬರೂದಿಲ್ಲಂದ್ಳು ಅಂತೇನಿ."

"ಯಾಕ ಅಂತ ಕೇಳಿದ್ರ?"

"ಆಕಿನ್ನ ಅಲ್ಲ, ನನ್ನ ಕೇಳ ಅಂತೇನಿ."

ಬಸ್ಸು ಬಂತು. ಚೀಲ ಮೇಲೆ ಇಟ್ಟಳು, ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದಳು, ಪಟ್ಟಿ ಬಿಗಿದಳು, ಡ್ರೈವರನಿಗೆ ಎಲ್ಲಿ ಇಳಿಸಬೇಕೆಂದು ಎರಡೆರಡು ಸಲ ಹೇಳಿದಳು. ಇಳಿದು ಕಿಟಕಿಯ ಕೆಳಗೆ ಬಂದು ನಿಂತಳು.

ಕಾಗಲದಲ್ಲಿ ನಾನು ನಿಂತಿರಲಿಲ್ಲ. ಎರಡೂ ಸಲ ಕಂಡಕ್ಟರನಿಗೆ ಹೇಳಿ, ಬಸ್ಸು ಬಿಡುವ ಮೊದಲೇ, ಕಿಟಕಿಯ ಕಡೆ ನೋಡದೆ ಸಂತೆಗೆ ಹೋಗಿದ್ದೆ. ಎರಡನೆಯ ಸಲ ಬದನೆಕಾಯಿ ತಂದದ್ದೂ ನೆನಪಿದೆ.

ಸುವರ್ಣಾ ನಿಂತಿದ್ದಳು. ಬಸ್ಸು ಬಿಟ್ಟಿತು, ಅಂಗಡಿ ದಾಟಿತು, ಗೋದಿಯ ಕೊಳವೆಗಳನ್ನು ದಾಟಿತು, ಅವಳು ಅಲ್ಲೇ ನಿಂತಿದ್ದಳು. ನಾನು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ. ಆ ಕಡೆಯ ರಸ್ತೆಗೆ ತಿರುವು ಇಲ್ಲ, ಗುಡ್ಡ ಇಲ್ಲ, ಗಿಡ ಇಲ್ಲ. ನಿಂತ ಮನುಷ್ಯ ಕಾಣದಂತಾಗಲು ಬಹಳ ಹೊತ್ತು ಹಿಡಿಯುತ್ತದೆ.